ಕಥೆ ಕೇಳುವವನ ಜಾಗ
(ಅಫಜಲಪುರದಲ್ಲಿ ನೀಡಿದ ದತ್ತಿ ಉಪನ್ಯಾಸದ ಅಕ್ಷರರೂಪ)



ಕಾದಂಬರಿ ಮತ್ತು ಸಿನಿಮಾಗಳಲ್ಲಿ ಕಥೆಯ ಕಟ್ಟು, ಅದರ ತಂತ್ರ, ಇದು ಇವತ್ತು ನನಗೆ ವಹಿಸಿರುವ ವಿಷಯ. ಇದನ್ನು ಎತ್ತಿಕೊಂಡವರು ಅರಿಸ್ಟಾಟಲ್‌ನಿಂದ ಹೊರಟು ಹಾಲಿವುಡ್ಡಿನ ಮೂರಂಕದ ಸೂತ್ರಕ್ಕೆ ಬಂದು ನಿಲ್ಲುವುದು ವಾಡಿಕೆ. ಅಫಜಲಪುರದವರು ಅಷ್ಟು ದೂರ ಹೋಗಬೇಕಾಗಿಲ್ಲ. ನಮ್ಮದೇ ತಾಲೂಕಿನಲ್ಲಿ, ಭೀಮೆ ಅಮರಜೆಯರು ಕೂಡುವ ಕಡೆ, ದೇವಲ ಗಾಣಗಾಪುರವಿದೆ. ಆ ಊರಿನಲ್ಲಿ ನಡೆಯುವ, ಆ ಊರಿನ ದಾರಿಯಲ್ಲೇ ಶುರುವಾಗುವ ಒಂದು ಪುಸ್ತಕವನ್ನು ಶತಮಾನಗಳಿಂದ ಜನ ಓದುತ್ತಿದ್ದಾರೆ, ಓದಿಸಿ ಕೇಳುತ್ತಿದ್ದಾರೆ. ಆ ಪುಸ್ತಕ ಗುರುಚರಿತ್ರೆ. ಅದನ್ನು ಭಕ್ತರು ಪಾರಾಯಣಕ್ಕೆಂದು ತೆರೆಯುತ್ತಾರೆ. ಕಥೆ ಬರೆಯುವವರು, ಸಿನಿಮಾ ಮಾಡಹೊರಟವರು ಅದನ್ನು ಒಮ್ಮೆ ಕಸುಬಿನ ಕಣ್ಣಿನಿಂದಲೂ ತೆರೆದು ನೋಡಬೇಕು. ಅದರಿಂದ ಭಕ್ತಿಗೆ ಊನವೇನೂ ಬರದು.

ನಾನು ಹೇಳಬೇಕೆಂದಿರುವುದು ಇಷ್ಟೇ. ಕಥೆ ಕಟ್ಟುವವನು ಮೊದಲು ತೀರ್ಮಾನಿಸಬೇಕಾದದ್ದು ಕೇಳುವವನನ್ನು ಎಲ್ಲಿ ಕೂರಿಸಬೇಕು ಎಂಬುದನ್ನು. ಅವನಿಗೆ ಎಷ್ಟು ಕಾಣಬೇಕು, ಯಾವಾಗ ಕಾಣಬೇಕು, ಯಾರ ಹೆಗಲ ಮೇಲಿನಿಂದ ಇಣುಕಿ ಕಾಣಬೇಕು. ಏನೇನು ನಡೆಯಿತು ಎಂಬ ಪಟ್ಟಿಯನ್ನು ಯಾರು ಬೇಕಾದರೂ ಕೊಟ್ಟಾರು.

ಗುರುಚರಿತ್ರೆ ಗಾಣಗಾಪುರದ ಗುರುಗಳ ಹುಟ್ಟಿನಿಂದ ಆರಂಭವಾಗುವುದಿಲ್ಲ. ನಾಮಧಾರಕನೆಂಬ ಸಂಕಟದಲ್ಲಿರುವ ಮನುಷ್ಯನೊಬ್ಬ ಗಾಣಗಾಪುರದ ದಾರಿ ಹಿಡಿದಿದ್ದಾನೆ. ದಣಿದು ಮಲಗುತ್ತಾನೆ, ಕನಸಿನಲ್ಲಿ ದರ್ಶನವಾಗುತ್ತದೆ, ಎದ್ದು ಮುಂದೆ ನಡೆದರೆ ಸಿದ್ಧಮುನಿ ಎದುರಾಗುತ್ತಾನೆ. ಅಲ್ಲಿಂದಾಚೆ ಐವತ್ತು ಚಿಲ್ಲರೆ ಅಧ್ಯಾಯ ಈ ಇಬ್ಬರ ಮಾತುಕತೆ. ಒಬ್ಬ ಹೇಳುತ್ತಾನೆ, ಇನ್ನೊಬ್ಬ ಮುಂದೇನಾಯಿತೆಂದು ಕೇಳುತ್ತಾನೆ. ಈ ಕೇಳುವವನು ಹೂಂಗುಟ್ಟುವುದಕ್ಕೆಂದು ಇಟ್ಟ ಗೊಂಬೆಯಲ್ಲ. ಗುರುಗಳ ಶಿಷ್ಯ ಸಾಯಂದೇವನ ಪ್ರಸಂಗ ಬಂದಾಗ ಸಿದ್ಧ ತಿಳಿಸುತ್ತಾನೆ, ಈತ ನಿನ್ನ ಪೂರ್ವಜನಪ್ಪಾ ಎಂದು. ಅಲ್ಲಿಯತನಕ ಯಾರದೋ ಕಥೆಯೆಂದು ಕೇಳುತ್ತಿದ್ದವನಿಗೆ ಅದು ತನ್ನ ಮನೆಯ ಕಥೆಯಾಗಿಬಿಡುತ್ತದೆ. ಇದರಲ್ಲಿ ಇನ್ನೂ ಒಂದು ಮಡಿಕೆಯಿದೆ. ಈ ಮರಾಠಿ ಪುಸ್ತಕ ಬರೆದ ಸರಸ್ವತಿ ಗಂಗಾಧರ ತಾನೂ ಇದೇ ಸಾಯಂದೇವನ ವಂಶದವನೆಂದು ಹೇಳಿಕೊಂಡಿದ್ದಾನೆ. ಹಾಗಾದರೆ ಬರೆದವನೇ ಬೇರೊಂದು ಹೆಸರಿಟ್ಟುಕೊಂಡು ಕೇಳುವವನ ಜಾಗದಲ್ಲಿ ಬಂದು ಕೂತಿದ್ದಾನೆ ಎಂದು ಓದಲು ಅಡ್ಡಿಯೇನು?

ಸಾಯಂದೇವ ಕಡಗಂಚಿಯವನೆಂದು ನಮ್ಮ ಕಡೆಯ ನಂಬಿಕೆ. ಆಳಂದ ತಾಲೂಕಿನ ಆ ಕಡಗಂಚಿಯಲ್ಲೇ ಈಗ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಅಲ್ಲಿ ಕಥನಶಾಸ್ತ್ರ ಓದುವ ಮಕ್ಕಳು ಉದಾಹರಣೆ ಹುಡುಕುವಾಗ ಗೇಟಿನಾಚೆ ಒಮ್ಮೆ ನೋಡಿದರೆ ಒಳ್ಳೆಯದು. ಮರಾಠಿ ತನಗೆ ಸರಿಯಾಗಿ ಬಾರದೆಂದು ಸರಸ್ವತಿ ಗಂಗಾಧರ ಮೊದಲ ಅಧ್ಯಾಯದಲ್ಲೇ ಹೇಳಿಬಿಡುತ್ತಾನೆ. ನಲವತ್ತೊಂದನೇ ಅಧ್ಯಾಯದಲ್ಲಿ ಸಾಯಂದೇವನ ಬಾಯಲ್ಲಿ ಕನ್ನಡದ ಪದಗಳನ್ನೇ ಹಾಡಿಸುತ್ತಾನೆ. ಮರಾಠಿ ಪುಸ್ತಕದ ಒಡಲಲ್ಲಿ ಕನ್ನಡದ ಹಾಡು! ಗಡಿಯ ಜನಕ್ಕೆ ಇದರಲ್ಲಿ ಆಶ್ಚರ್ಯವೇನೂ ಕಾಣದು.

ಕಥೆಯೊಳಗೆ ಕಥೆ ಹೆಣೆಯುವ ಈ ವಿದ್ಯೆ ಕನ್ನಡಕ್ಕೆ ಹಳೆಯದು. ಗಿಣಿಯೊಂದು ಕಥೆ ಹೇಳುವ ಬಾಣನ ಕಾದಂಬರಿಯನ್ನು ಒಂದನೇ ನಾಗವರ್ಮ ಕನ್ನಡಕ್ಕೆ ತಂದ. ಕಲ್ಯಾಣ ಚಾಲುಕ್ಯರ ಜಯಸಿಂಹನ ಆಳ್ವಿಕೆಯಲ್ಲಿ ದುರ್ಗಸಿಂಹ ಪಂಚತಂತ್ರ ಬರೆದ. ಅವುಗಳ ವಿಚಾರ ವಿದ್ವಾಂಸರು ಬೇಕಾದಷ್ಟು ಬರೆದಿದ್ದಾರೆ. ನಾನು ಗಾಣಗಾಪುರದ ದಾರಿಗೇ ಬರುತ್ತೇನೆ.

ನಲವತ್ತೊಂದನೇ ಅಧ್ಯಾಯದಲ್ಲಿ ಒಂದು ರಾತ್ರಿಯಿದೆ. ಗುರುಗಳು ಸಂಗಮದಲ್ಲಿದ್ದಾರೆ, ಜೊತೆಗೆ ಸಾಯಂದೇವ ಒಬ್ಬನೇ. ಮಳೆ ಬಿರುಗಾಳಿ ಎದ್ದು ಚಳಿ ಮೈ ಕೊರೆಯುತ್ತಿದೆ. ಊರಿಗೆ ಹೋಗಿ ಬೆಂಕಿ ತಾ ಎಂದು ಗುರುಗಳು ಅಪ್ಪಣೆ ಕೊಡುತ್ತಾರೆ. ಅಪ್ಪಣೆಗೆ ಒಂದು ಬಾಲವಿದೆ. ಹೋಗುವಾಗ ಬರುವಾಗ ಅಕ್ಕಪಕ್ಕ ನೋಡಬಾರದು. ಕಗ್ಗತ್ತಲು, ದಾರಿ ಕಾಣದು, ಮಿಂಚು ಹೊಳೆದಾಗಷ್ಟೇ ಹೆಜ್ಜೆ. ಊರು ಮುಟ್ಟಿ ಪಾತ್ರೆಯಲ್ಲಿ ಕೆಂಡ ತೆಗೆದುಕೊಂಡು ತಿರುಗುತ್ತಾನೆ. ನೋಡಬೇಡ ಅಂದದ್ದೇಕೆ ಎಂಬ ಹುಳ ತಲೆಯಲ್ಲಿ ಕೊರೆಯುತ್ತಿದೆ. ನೋಡಿಯೇ ಬಿಡುತ್ತಾನೆ. ಬಲಕ್ಕೊಂದು ಎಡಕ್ಕೊಂದು ಐದು ಹೆಡೆಯ ಸರ್ಪಗಳು ಅವನ ಜೊತೆಯಲ್ಲೇ ಬರುತ್ತಿವೆ. ಜೀವ ಕೈಯಲ್ಲಿ ಹಿಡಿದು ಸಂಗಮ ಮುಟ್ಟಿದ ಮೇಲೆ ತಿಳಿಯುತ್ತದೆ, ಅವನ ಕಾವಲಿಗೆಂದೇ ಗುರುಗಳು ಕಳಿಸಿದ ಸರ್ಪಗಳವು.

ಇದನ್ನು ಇನ್ನೊಂದು ರೀತಿ ಹೇಳಿ ನೋಡಿ. ಗುರುಗಳು ಕಾವಲಿಗೆ ಎರಡು ಸರ್ಪ ಕಳಿಸಿದರು, ಸಾಯಂದೇವ ಬೆಂಕಿ ತಂದ. ಸಂಗತಿ ಅಷ್ಟೂ ಬಂತು, ಕಥೆ ಹೋಯಿತು. ಸರಸ್ವತಿ ಗಂಗಾಧರ ನಮ್ಮನ್ನು ಸಾಯಂದೇವನ ಕಣ್ಣಿನ ಹಿಂದೆ ಕೂರಿಸಿದ್ದಾನೆ. ಗುರುಗಳಿಗೆ ಗೊತ್ತಿರುವುದು ನಮಗೆ ಗೊತ್ತಿಲ್ಲ. ಹೋಗುವ ದಾರಿಯಲ್ಲೂ ಸರ್ಪಗಳು ಇದ್ದಿರಬಹುದು, ನಮಗೆ ಕಂಡಿಲ್ಲ, ಏಕೆಂದರೆ ಅವನು ನೋಡಿಲ್ಲ. ಈ ರಾತ್ರಿಯನ್ನು ಚಿತ್ರೀಕರಿಸಲು ಹೊರಟ ನಿರ್ದೇಶಕ ಮೇಲಿನಿಂದ ಡ್ರೋನ್ ಹಾರಿಸಿ ಸಾಯಂದೇವನನ್ನೂ ಹಾವುಗಳನ್ನೂ ಒಂದೇ ಚೌಕಟ್ಟಿನಲ್ಲಿ ಮೊದಲೇ ತೋರಿಸಿದರೆ ಅಲ್ಲಿಗೆ ಮುಗಿಯಿತು. ಕ್ಯಾಮೆರಾ ಅವನ ಮುಖದ ಮೇಲೆ, ಕೈಯಲ್ಲಿರುವ ಕೆಂಡದ ಮೇಲೆ ನಿಂತಿರಬೇಕು. ಚೌಕಟ್ಟಿನ ಎರಡು ಅಂಚುಗಳಾಚೆ ಏನಿದೆ ಎಂದು ನೋಡುವ ಆಸೆ ಅವನಿಗೆ ಹುಟ್ಟಿದ ಹೊತ್ತಿಗೇ ನಮಗೂ ಹುಟ್ಟಬೇಕು. ಚೌಕಟ್ಟು ತೋರಿಸುವುದಕ್ಕೆ ಎಷ್ಟೋ ಮರೆಮಾಡುವುದಕ್ಕೂ ಅಷ್ಟೇ ಇರುವುದು ಎಂಬ ಪಾಠ ಸಿನಿಮಾ ಶಾಲೆಯಲ್ಲಿ ಕಲಿಯಲು ಈಗ ಲಕ್ಷಗಟ್ಟಲೆ ಫೀಸು ಕಟ್ಟಬೇಕು.

ಸಾಯಂದೇವ ಹೀಗೆ ಬಂದು ಕೂತ ಮೇಲೆ ಗುರುಗಳು ಅವನಿಗೆ ತ್ವಷ್ಟಪುತ್ರನ ಕಥೆ ಹೇಳುತ್ತಾರೆ. ಆ ಕಥೆಯೊಳಗೆ ಒಬ್ಬ ಅವಧೂತ ಆ ಹುಡುಗನಿಗೆ ಕಾಶಿಯಾತ್ರೆಯ ವಿವರ ಹೇಳುತ್ತಾನೆ. ಕವಿ ನಮಗೆ, ಸಿದ್ಧ ನಾಮಧಾರಕನಿಗೆ, ಗುರು ಸಾಯಂದೇವನಿಗೆ, ಅವಧೂತ ಹುಡುಗನಿಗೆ. ನಾಲ್ಕು ಬಾಯಿ, ನಾಲ್ಕು ಕಿವಿ. ಯಾವ ಕಿವಿಯೂ ಖಾಲಿ ಕೂತಿಲ್ಲ. ಕೇಳುವ ಪ್ರತಿಯೊಬ್ಬನೂ ಆ ಹೊತ್ತಿಗೆ ಏನೋ ಒಂದನ್ನು ಕಳೆದುಕೊಂಡಿದ್ದಾನೆ ಅಥವಾ ಹುಡುಕುತ್ತಿದ್ದಾನೆ, ಆದ್ದರಿಂದ ಕಥೆ ಅವನಿಗೆ ನಾಟುತ್ತದೆ. ಈಚಿನ ಕೆಲವು ಕಾದಂಬರಿಗಳಲ್ಲಿ ಕಥೆಯೊಳಗಿನ ಕಥೆ ಬರುತ್ತದಲ್ಲ, ಅಲ್ಲಿ ನನಗೆ ಬೇಸರ ಬರುವುದು ಇದಕ್ಕೇ. ಹೇಳುವವರಿಗೆ ಹೇಳುವ ಚಟ, ಕೇಳುವವರಿಗೆ ಬೇರೆ ಕೆಲಸವಿಲ್ಲ.

ಇನ್ನು ಕಾಲದ ವಿಚಾರ. ಗುರುಚರಿತ್ರೆಯ ಸಪ್ತಾಹ ಮಾಡಿದವರು ಇಲ್ಲಿ ಬಹಳ ಮಂದಿ ಇದ್ದೀರಿ. ಏಳು ದಿನದ ಹಂಚಿಕೆಯಲ್ಲಿ ಒಂದಕ್ಕಿಂತ ಹೆಚ್ಚು ರೂಢಿಗಳಿವೆ. ಹೆಚ್ಚು ಬಳಕೆಯಲ್ಲಿರುವ ಒಂದರಲ್ಲಿ ಮೊದಲ ದಿನ ಒಂಬತ್ತನೇ ಅಧ್ಯಾಯಕ್ಕೆ ನಿಲ್ಲಿಸುತ್ತಾರೆ, ಎರಡನೇ ದಿನ ಇಪ್ಪತ್ತೊಂದಕ್ಕೆ. ಐದನೇ ದಿನ ಮೂರೇ ಅಧ್ಯಾಯ, ಆದರೆ ಆಚಾರಧರ್ಮದ ಉದ್ದನೆಯ ಮೂವತ್ತಾರನೆಯದು ಅದರಲ್ಲಿದೆ. ಒಂಬತ್ತಕ್ಕೆ ಯಾಕೆ ನಿಲ್ಲಿಸಬೇಕು? ಆ ಅಧ್ಯಾಯದಲ್ಲಿರುವುದು ಅಗಸನ ಕಥೆ.

ಕೃಷ್ಣೆಯ ನಡುಗಡ್ಡೆ ಕುರವಪುರದಲ್ಲಿ, ಅಂದರೆ ನಮ್ಮ ರಾಯಚೂರು ಜಿಲ್ಲೆಯ ಕುರುಗಡ್ಡೆಯಲ್ಲಿ, ಶ್ರೀಪಾದ ಶ್ರೀವಲ್ಲಭರಿಗೆ ದಿನಾ ಕೈಮುಗಿಯುವ ಅಗಸನೊಬ್ಬನಿದ್ದ. ಒಂದು ದಿನ ರಾಜನೊಬ್ಬ ರಾಣಿಯರ ಸಮೇತ ಹೊಳೆಯಲ್ಲಿ ವಿಹರಿಸುವುದನ್ನು ಕಂಡು ಅವನ ಮನಸ್ಸು ಅಲ್ಲಾಡಿತು. ರಾಜ್ಯ ಈಗಲೇ ಬೇಕೋ ಮುಂದಿನ ಜನ್ಮಕ್ಕೋ ಎಂದು ಗುರುಗಳು ಕೇಳುತ್ತಾರೆ. ವಯಸ್ಸಾಯಿತು, ಮುಂದಿನ ಜನ್ಮಕ್ಕಿರಲಿ ಅನ್ನುತ್ತಾನೆ. ಬೀದರಿನಲ್ಲಿ ಮುಸಲ್ಮಾನ ಅರಸನಾಗಿ ಹುಟ್ಟುತ್ತೀ, ಆಗ ಸನ್ಯಾಸಿಯ ವೇಷದಲ್ಲಿ ನಿನಗೆ ಸಿಗುತ್ತೇನೆ ಎಂದು ಮಾತು ಕೊಡುತ್ತಾರೆ. ಅಷ್ಟು ಹೇಳಿ ಕಥೆ ಬೇರೆ ಕಡೆ ಹೊರಟುಬಿಡುತ್ತದೆ. ಶ್ರೀಪಾದರ ಅವತಾರ ಮುಗಿಯುತ್ತದೆ, ಗಾಣಗಾಪುರದ ಗುರುಗಳದು ಶುರುವಾಗುತ್ತದೆ. ಬಂಜೆ ಎಮ್ಮೆ ಹಾಲು ಕೊಡುತ್ತದೆ, ಒಣ ಕೊರಡು ಚಿಗುರುತ್ತದೆ. ಅಗಸನ ಸುದ್ದಿಯಿಲ್ಲ. ಐವತ್ತನೇ ಅಧ್ಯಾಯಕ್ಕೆ, ಏಳನೇ ದಿನ, ಬೀದರಿನ ಅರಸನ ತೊಡೆಯ ಮೇಲೆ ಒಂದು ಹುಣ್ಣು ಏಳುತ್ತದೆ. ವೈದ್ಯರ ಕೈಯಲ್ಲಿ ಆಗದೆ ಅವನು ಹುಡುಕುತ್ತ ಗಾಣಗಾಪುರಕ್ಕೆ ಬಂದಾಗ ಗುರುಗಳು ಅವನನ್ನು ಅಗಸನೆಂದೇ ಕರೆದು, ಇಷ್ಟು ದಿನ ಎಲ್ಲಿದ್ದೆ ಅನ್ನುತ್ತಾರೆ. ಅವನಿಗೆ ಹಿಂದಿನದೆಲ್ಲ ನೆನಪಾಗುತ್ತದೆ.

ಇಲ್ಲಿ ಆಶ್ಚರ್ಯ ಅವನಿಗೆ. ನಮಗೆ ಮೊದಲ ದಿನವೇ ಗೊತ್ತಿತ್ತು. ಕವಿ ಗುಟ್ಟನ್ನು ಮುಚ್ಚಿಡಬಹುದಿತ್ತು, ಐವತ್ತರಲ್ಲಿ ಫಟ್ಟನೆ ಬಿಚ್ಚಬಹುದಿತ್ತು. ಈಗಿನ ಸಿನಿಮಾದವರಾದರೆ ಹಾಗೇ ಮಾಡುತ್ತಿದ್ದರು, ಟ್ವಿಸ್ಟ್ ಅನ್ನುತ್ತಿದ್ದರು. ಟ್ವಿಸ್ಟಿನ ಆಯುಷ್ಯ ಒಂದು ಸಲ ನೋಡುವಷ್ಟು. ಪ್ರತಿವರ್ಷ ಓದುವ ಪುಸ್ತಕಕ್ಕೆ ಅದು ಸಾಲದು. ಮೊದಲೇ ತಿಳಿಸಿ ಕಾಯಿಸಿದರೆ ಕೇಳುವವನು ಅರಸನಿಗಿಂತ ಒಂದು ಮೆಟ್ಟಿಲು ಮೇಲೆ ಕೂತಿರುತ್ತಾನೆ, ಇವನಿಗೆ ಯಾವಾಗ ಗೊತ್ತಾದೀತು ಎಂದು ನೋಡುತ್ತಾನೆ. ಆ ಕುತೂಹಲ ಹತ್ತನೇ ಓದಿಗೂ ಸವೆಯುವುದಿಲ್ಲ. ಇದಕ್ಕಿಂತ ಚೆಂದ ಇದರ ಮುಂದಿನದು. ಅರಸನೇ ಬಂದುಹೋದ ಮೇಲೆ ಗುರುಗಳ ಹೆಸರು ಎಲ್ಲೆಲ್ಲೂ ಹಬ್ಬುತ್ತದೆ. ಇನ್ನು ಕಣ್ಮರೆಯಾಗಿರುವುದೇ ಲೇಸೆಂದು ಬಗೆದು ಮುಂದಿನ ಅಧ್ಯಾಯದಲ್ಲಿ ಅವರು ಶ್ರೀಶೈಲದ ಕಡೆ ಹೊರಡುತ್ತಾರೆ. ಮೊದಲ ದಿನ ಬಿತ್ತಿದ್ದು ಕೊನೆಯ ದಿನ ಫಲ ಕೊಟ್ಟಿತು, ಅಷ್ಟೇ ಆಗಿದ್ದರೆ ಅದು ಜಾಣತನ. ಆ ಫಲವೇ ಕಥೆಯ ಅಂತ್ಯಕ್ಕೆ ಕಾರಣವಾಯಿತಲ್ಲ, ಅದು ಕಟ್ಟು.

ಏಳು ದಿನದ ಈ ಹಂಚಿಕೆಗೂ ನಮ್ಮ ಸಿನಿಮಾದ ಇಂಟರ್ವಲ್ಲಿಗೂ ದೂರದ ನಂಟಿದೆ. ಬೆಂಗಳೂರಿನ ಬರಹಗಾರರು ಸ್ಕ್ರೀನ್‌ಪ್ಲೇ ಚರ್ಚೆಗೆ ಕೂತರೆ ಮೊದಲು ಕೇಳುವುದು ಇಂಟರ್ವಲ್ ಬ್ಲಾಕ್ ಏನು ಅಂತ. ಫಸ್ಟ್ ಹಾಫ್, ಸೆಕೆಂಡ್ ಹಾಫ್ ಎಂದು ಕಥೆಯನ್ನು ಎರಡು ಹೋಳು ಮಾಡಿಯೇ ಯೋಚಿಸುತ್ತಾರೆ. ಇದನ್ನು ವ್ಯಾಪಾರವೆಂದು ಹಳಿಯುವವರಿದ್ದಾರೆ, ನಾನು ಹಳಿಯಲಾರೆ. ಕೇಳುವವನು ಎದ್ದು ಚಹಾ ಕುಡಿಯಲು ಹೋಗುತ್ತಾನೆ ಎಂಬುದು ಕಥೆಗಾರನಿಗೆ ಗೊತ್ತಿರಬೇಕು, ಅವನು ಯಾವ ಪ್ರಶ್ನೆ ಕಚ್ಚಿಕೊಂಡು ಎದ್ದ ಎಂಬುದೂ ಗೊತ್ತಿರಬೇಕು. ಶ್ರಾವಣದಲ್ಲಿ ಪುರಾಣ ಹಚ್ಚಿದಾಗ ಶಾಸ್ತ್ರಿಗಳು ಆ ದಿನದ ಓದು ಎಲ್ಲಿಗೆ ನಿಲ್ಲಿಸುತ್ತಾರೆ ಗಮನಿಸಿ. ಹೆಂಗಸರು ಮನೆಗೆ ಹೋಗುವ ದಾರಿಯಲ್ಲಿ, ‘ನಾಳಿ ಏನಾಗ್ತದೋ ನೋಡಬೇಕವ್ವ’ ಅನ್ನಬೇಕು, ಅಲ್ಲಿಗೆ.

ಗುರುಚರಿತ್ರೆಯ ಗುರುಗಳು ಬದುಕಿದ್ದ ಹದಿನೈದನೇ ಶತಮಾನದಲ್ಲೇ ಕನ್ನಡದಲ್ಲಿ ಇನ್ನೊಂದು ಸಾಹಸ ನಡೆಯಿತು. ಹನ್ನೆರಡನೇ ಶತಮಾನದ ವಚನಗಳು ಬಿಡಿಬಿಡಿಯಾಗಿ ಉಳಿದಿದ್ದವು. ಯಾವುದನ್ನು ಯಾರಿಗೆ, ಯಾವ ಹೊತ್ತಿನಲ್ಲಿ ಹೇಳಿದ್ದೆಂಬುದು ವಚನದಲ್ಲಿ ಬರೆದಿರುವುದಿಲ್ಲ. ಶಿವಗಣಪ್ರಸಾದಿ ಮಹಾದೇವಯ್ಯ ಅವುಗಳನ್ನು ಆಯ್ದು ಒಂದರ ಮುಂದೆ ಒಂದಿಟ್ಟು ಶೂನ್ಯಸಂಪಾದನೆ ಕಟ್ಟಿದ. ಅವನ ನಂತರ ಮೂವರು ಬೇರೆ ಬೇರೆಯಾಗಿ ಮತ್ತೆ ಕಟ್ಟಿದರು, ಗೂಳೂರು ಸಿದ್ಧವೀರಣ್ಣನದು ಅವುಗಳಲ್ಲಿ ಹೆಚ್ಚು ಪ್ರಸಿದ್ಧ. ತಮ್ಮ ಸ್ವಂತ ಮಾತು ಇವರದು ಕಡಿಮೆ, ಜೋಡಣೆಯೇ ಇವರ ಬರವಣಿಗೆ. ತಮ್ಮ ಪಾಡಿಗೆ ತಾವಿದ್ದ ಅಕ್ಕನ ವಚನಗಳು ಅಲ್ಲಮನ ಪ್ರಶ್ನೆಯ ಪಕ್ಕದಲ್ಲಿಟ್ಟ ಕೂಡಲೇ ಉತ್ತರಗಳಾದವು, ಕಲ್ಯಾಣದ ತುಂಬಿದ ಸಭೆಯಲ್ಲಿ ಒಬ್ಬ ಹೆಣ್ಣುಮಗಳು ನಿಂತು ಕೊಟ್ಟ ಉತ್ತರಗಳು. ಅಣ್ಣ ಅಜಗಣ್ಣನನ್ನು ಕಳಕೊಂಡ ಮುಕ್ತಾಯಕ್ಕನ ದುಃಖಕ್ಕೂ ಹೀಗೇ ಎದುರಿಗೊಬ್ಬ ಕೇಳುವವನು ಸಿಕ್ಕಿದ.

1920ರ ಆಸುಪಾಸಿನಲ್ಲಿ ರಷ್ಯಾದ ಲೆವ್ ಕುಲೆಶೋವ್ ಮಾಡಿದ ಪ್ರಯೋಗವನ್ನು ಸಿನಿಮಾ ಓದುವವರೆಲ್ಲ ಬಲ್ಲರು. ಒಬ್ಬ ನಟನ ಭಾವವಿಲ್ಲದ ಮುಖ. ಅದರ ಪಕ್ಕ ಸೂಪಿನ ಬಟ್ಟಲು ಇಟ್ಟರೆ ಮುಖದಲ್ಲಿ ಹಸಿವು ಕಂಡಿತು, ಶವಪೆಟ್ಟಿಗೆ ಇಟ್ಟರೆ ದುಃಖ. ಸಂಕಲನದ ಮೇಜಿನ ಮೇಲೆ ಅರ್ಥ ಹುಟ್ಟುತ್ತದೆ ಎಂದು ಅವನು ತೋರಿಸಿದ. ಶೂನ್ಯಸಂಪಾದನಕಾರರು ಕತ್ತರಿ, ಗೋಂದು ಇಲ್ಲದೆ ಇದನ್ನೇ ಮಾಡಿದ್ದರು ಅನ್ನುವುದು ನನ್ನ ಅಭಿಪ್ರಾಯ, ಹೆಮ್ಮೆಗಾಗಿ ಹೇಳಿದ್ದಲ್ಲ. ಇದರಲ್ಲೊಂದು ಅಪಾಯವೂ ಇದೆ. ಶೂನ್ಯಸಂಪಾದನೆ ಓದಿ ಬೆಳೆದವರಿಗೆ ಅಕ್ಕನ ಆ ವಚನಗಳನ್ನು ಬೇರೆ ಯಾವ ಸಂದರ್ಭದಲ್ಲೂ ಕಲ್ಪಿಸಿಕೊಳ್ಳಲು ಆಗುವುದಿಲ್ಲ. ಒಳ್ಳೆಯ ಜೋಡಣೆ ಉಳಿದ ಸಾಧ್ಯತೆಗಳನ್ನು ಅಳಿಸಿಹಾಕುತ್ತದೆ.

ಸಿನಿಮಾಕ್ಕೆ ಬರೋಣ. ಕುರೋಸಾವಾನ ‘ರಾಶೋಮನ್’ 1950ರದು, ಅಕುತಗಾವನ ಕಥೆಗಳ ಮೇಲೆ ನಿಂತದ್ದು. ಒಂದು ಕೊಲೆ, ಹಲವರ ಹೇಳಿಕೆ, ಒಂದಕ್ಕೊಂದು ಹೊಂದುವುದಿಲ್ಲ. ಎಲ್ಲರೂ ಇಷ್ಟನ್ನು ಹೇಳುತ್ತಾರೆ. ಆ ಚಿತ್ರದ ವಿಚಾರಣೆಯ ದೃಶ್ಯಗಳಲ್ಲಿ ನ್ಯಾಯಾಧೀಶ ಕಾಣುವುದೂ ಇಲ್ಲ, ಅವನ ದನಿ ಕೇಳುವುದೂ ಇಲ್ಲ. ಸಾಕ್ಷಿಗಳು ನೆಲದ ಮೇಲೆ ಕೂತು ನೇರ ನಮ್ಮ ಕಡೆ ಮುಖಮಾಡಿ ಹೇಳುತ್ತಾರೆ. ನ್ಯಾಯಾಧೀಶನ ಪೀಠದ ಮೇಲೆ ಪ್ರೇಕ್ಷಕನನ್ನೇ ಕೂರಿಸಿ, ತೀರ್ಪು ಕೊಡಲಾಗದಂತೆ ಮಾಡಿದ್ದಾನೆ ಕುರೋಸಾವಾ. ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’ (2014) ಬಂದಾಗ ‘ರಾಶೋಮನ್’ ಜೊತೆಗಿನ ಹೋಲಿಕೆ ಎಲ್ಲ ಕಡೆ ಕೇಳಿಬಂತು. ಮಲ್ಪೆಯ ಕಡಲತಡಿಯಲ್ಲಿ ನಡೆಯುವ ಆ ಕಥೆಯನ್ನು ಪತ್ರಕರ್ತೆಯೊಬ್ಬಳು ಹಲವರ ಬಾಯಿಂದ ಕಲೆಹಾಕುತ್ತಾಳೆ. ನನಗೆ ಕಂಡಂತೆ ಅಲ್ಲಿಯ ಹೇಳಿಕೆಗಳು ಪರಸ್ಪರ ಸುಳ್ಳಾಗಿಸುವುದಕ್ಕಿಂತ ಹೆಚ್ಚಾಗಿ ಒಂದರ ಸಂದನ್ನು ಇನ್ನೊಂದು ತುಂಬುತ್ತವೆ. ನಾವು ನ್ಯಾಯಾಧೀಶರಲ್ಲ, ಸುದ್ದಿ ಕೂಡಿಸುವವರು. ಅದೂ ಒಂದು ಜಾಗವೇ, ಕಡಿಮೆ ಕಷ್ಟದ ಜಾಗ.

ಕಷ್ಟದ ಜಾಗಕ್ಕೆ ನನ್ನ ಉದಾಹರಣೆ ‘ಘಟಶ್ರಾದ್ಧ’. ಅನಂತಮೂರ್ತಿಯವರ ಕಥೆಯನ್ನು ಗಿರೀಶ ಕಾಸರವಳ್ಳಿ 1977ರಲ್ಲಿ ಕಪ್ಪುಬಿಳುಪಿನಲ್ಲಿ ಚಿತ್ರ ಮಾಡಿದರು. ಅವರ ಮೊದಲ ಚಿತ್ರವೇ ಸ್ವರ್ಣಕಮಲ ಪಡೆಯಿತು. ಅಗ್ರಹಾರದ ವೇದಪಾಠಶಾಲೆಗೆ ಬಂದ ಪುಟ್ಟ ಹುಡುಗ ನಾಣಿ, ಆ ಮನೆಯ ವಿಧವೆ ಯಮುನಕ್ಕ. ಅವಳು ಬಸಿರಾಗಿದ್ದಾಳೆ. ಕಥೆಯಲ್ಲಿ ನಾಣಿ ತಾನೇ ‘ನಾನು’ ಎಂದು ಹೇಳುತ್ತಾನೆ. ಸಿನಿಮಾದ ತೊಡಕು ಏನೆಂದರೆ ಕ್ಯಾಮೆರಾಕ್ಕೆ ‘ನಾನು’ ಅನ್ನಲು ಬರುವುದಿಲ್ಲ. ಹುಡುಗನನ್ನು ತೋರಿಸಿದ ಕೂಡಲೇ ಅವನು ‘ಅವನು’ ಆಗಿಬಿಡುತ್ತಾನೆ. ಹಿನ್ನೆಲೆಯಲ್ಲಿ ದನಿ ಹಾಕಿ ಹೇಳಿಸುವುದು ಸೋಮಾರಿಗಳ ದಾರಿ.

ಕಾಸರವಳ್ಳಿಯವರು ಹುಡುಗನನ್ನು ದೃಶ್ಯಗಳ ಅಂಚಿನಲ್ಲಿ ನಿಲ್ಲಿಸುತ್ತಾರೆ. ದೊಡ್ಡವರ ಪಿಸುಮಾತು ಅವನಿಗೆ ಅರ್ಧ ಕೇಳುತ್ತದೆ. ಯಮುನಕ್ಕನ ಜೊತೆ ಕತ್ತಲಲ್ಲಿ ನಡೆಯುವಾಗ ಅವನಿಗಿರುವುದು ಕತ್ತಲಿನ ಹೆದರಿಕೆ, ನಮಗಿರುವುದು ಅವಳು ಏನು ಮಾಡಿಕೊಂಡಾಳೋ ಎಂಬ ಹೆದರಿಕೆ. ಅವಳು ಹಾವಿನ ಹುತ್ತದೊಳಗೆ ಕೈಯಿಡುವಾಗ ಈ ಎರಡು ಹೆದರಿಕೆಗಳ ನಡುವಿನ ಅಂತರವೇ ಎದೆ ಹಿಂಡುತ್ತದೆ. ಅಗಸನ ಕಥೆಯಲ್ಲಿ ಅರಸನಿಗಿಂತ ಹೆಚ್ಚು ಬಲ್ಲವರಾಗಿ ಹಾಯಾಗಿ ಕೂತಿದ್ದೆವು. ಇಲ್ಲಿ ಹುಡುಗನಿಗಿಂತ ಹೆಚ್ಚು ಬಲ್ಲವರಾಗಿರುವುದೇ ಶಿಕ್ಷೆ. ಏಕೆಂದರೆ ಅವನಿಗಾದರೂ ಅರಿಯದ ವಯಸ್ಸಿನ ರಿಯಾಯಿತಿ ಇದೆ, ಅಗ್ರಹಾರದ ದೊಡ್ಡವರಂತೆ ಎಲ್ಲ ಗೊತ್ತಿದ್ದೂ ಸುಮ್ಮನೆ ಕೂತವರು ನಾವು. ಕೊನೆಗೆ ತಲೆ ಬೋಳಿಸಿದ ಯಮುನಕ್ಕನನ್ನು ಬಿಟ್ಟು ಹುಡುಗ ತಂದೆಯ ಹಿಂದೆ ಊರಿಗೆ ಹೊರಡುತ್ತಾನೆ. ಇದೇ ಕಥೆಯನ್ನು ಯಮುನಕ್ಕನ ಕಣ್ಣಿನಿಂದ ಹೇಳಿದ್ದರೆ ಕರುಣೆ ಉಕ್ಕುತ್ತಿತ್ತು, ಅಗ್ರಹಾರದ ಕಣ್ಣಿನಿಂದ ಹೇಳಿದ್ದರೆ ಕೋಪ. ಹುಡುಗನ ಕಣ್ಣಿನಿಂದ ಹೇಳಿದ್ದಕ್ಕೆ ನಾಚಿಕೆಯಾಗುತ್ತದೆ.

ಪವನ್ ಕುಮಾರರ ‘ಲೂಸಿಯಾ’ (2013) ಬೇರೆ ಬಗೆಯ ಆಟ. ಜನರಿಂದ ಹಣ ಕೂಡಿಸಿ ಮಾಡಿದ ಆ ಚಿತ್ರದಲ್ಲಿ ಎರಡು ಲೋಕ, ಒಂದು ಬಣ್ಣದ್ದು, ಒಂದು ಕಪ್ಪುಬಿಳುಪಿನದು. ಯಾವುದು ಎಚ್ಚರ, ಯಾವುದು ಕನಸು ಎಂದು ನಾವು ನಂಬಿದ್ದೆವೋ ಅದು ಕೊನೆಗೆ ಅದಲುಬದಲಾಗುತ್ತದೆ. ಹೊರಗಿನ ಕಥೆಯೆಂದುಕೊಂಡದ್ದು ಒಳಗಿನದಾಗುತ್ತದೆ. ಅದರ ನಾಯಕ ಟಾಕೀಸಿನಲ್ಲಿ ಟಾರ್ಚ್ ಬಿಟ್ಟು ಜನರಿಗೆ ಕುರ್ಚಿ ತೋರಿಸುವ ಹುಡುಗ. ನನ್ನ ಇವತ್ತಿನ ವಿಷಯ ಅವನಿಗೆ ಚೆನ್ನಾಗಿ ಗೊತ್ತಿದ್ದಿರಬೇಕು.

ಕಂಬಾರರ ‘ಸಿಂಗಾರೆವ್ವ ಮತ್ತು ಅರಮನೆ’ಯನ್ನೂ ಒಂದು ಮಾತಿನಲ್ಲಿ ನೆನೆಯಬೇಕು. ಅರಮನೆಯ ಕಥೆಯನ್ನು ಅಲ್ಲಿ ಹೇಳುವವಳು ಸಿಂಗಾರೆವ್ವನ ಗೆಳತಿಯೂ ಆಳೂ ಆದ ಶೀನಿಂಗವ್ವ. ಆಳಿನ ಕಣ್ಣಿಗೆ ಅರಮನೆಯ ಅಡಿಗೆಮನೆ, ಹಿತ್ತಿಲು, ಮಲಗುವ ಕೋಣೆಯ ಬಾಗಿಲು ಎಲ್ಲ ಕಾಣುತ್ತವೆ, ದರ್ಬಾರು ಅಷ್ಟಾಗಿ ಕಾಣದು. ಅದರಿಂದಲೇ ಆ ಅರಮನೆ ಬೇರೆ ಅರಮನೆಗಳಂತಿಲ್ಲ. 2003ರಲ್ಲಿ ನಾಗಾಭರಣರು ಅದನ್ನು ತೆರೆಗೆ ತಂದರು. ಪುಸ್ತಕ ಓದಿಕೊಂಡು ಹೋದವರು ತೆರೆಯ ಮೇಲೆ ಹುಡುಕುವುದು ಶೀನಿಂಗವ್ವನ ನಾಲಗೆಯನ್ನೇ.

ಇಷ್ಟು ಹೇಳಿ ಮತ್ತೆ ಗಾಣಗಾಪುರಕ್ಕೆ ಬರುತ್ತೇನೆ, ಯಾಕೆಂದರೆ ಇಲ್ಲಿ ಕೂತ ಹುಡುಗ ಹುಡುಗಿಯರಿಗೆ ಒಂದು ಕೆಲಸ ಹಚ್ಚಬೇಕಿದೆ.

ನಲವತ್ತೇಳನೇ ಅಧ್ಯಾಯದಲ್ಲಿ ಪರ್ವತೇಶನೆಂಬ ಒಕ್ಕಲಿಗನ ಕಥೆ ಬರುತ್ತದೆ. ಸಂಗಮಕ್ಕೆ ಹೋಗುವ ಬರುವ ಗುರುಗಳಿಗೆ ಅವನು ಹೊಲದಿಂದ ಓಡಿಬಂದು ಕೈಮುಗಿಯುತ್ತಾನೆ. ಒಂದು ದಿನ ಗುರುಗಳು, ನಾನು ಮಧ್ಯಾಹ್ನ ತಿರುಗಿ ಬರುವುದರೊಳಗೆ ಈ ಜೋಳವನ್ನೆಲ್ಲ ಕೊಯ್ದುಹಾಕು ಅನ್ನುತ್ತಾರೆ. ತೆನೆ ಇನ್ನೂ ಬಲಿತಿಲ್ಲ. ಹೋದ ವರ್ಷದ ಎರಡು ಪಾಲು ಕಾಳು ಅಳೆಯುತ್ತೇನೆಂದು ಊರಿನ ಅಧಿಕಾರಿಗೆ ಮಾತು ಕೊಟ್ಟು ಅವನು ಕೊಯ್ಯಲು ನಿಲ್ಲುತ್ತಾನೆ. ಹೆಂಡತಿ ಮಕ್ಕಳು ಅಡ್ಡ ಬಂದರೆ ಗದರಿಸಿ ಓಡಿಸುತ್ತಾನೆ, ಅವರು ಅಧಿಕಾರಿಯ ಮುಂದೆ ಹೋಗಿ ಅಳುತ್ತಾರೆ. ಆಮೇಲೆ ಚಳಿಗಾಳಿ, ಅಕಾಲದ ಮಳೆ. ಸುತ್ತಲಿನ ಬೆಳೆ ಹಾಳಾಗುತ್ತದೆ, ಕೊಯ್ದ ಕೂಳೆ ಚಿಗುರಿ ಅವನ ಹೊಲ ತುಂಬುತ್ತದೆ. ಹೆಂಡತಿ ಗಂಡನ ಕಾಲಿಗೆ ಬಿದ್ದು ತಪ್ಪಾಯಿತು ಅನ್ನುತ್ತಾಳೆ.

ಪುಸ್ತಕ ಈ ಕಥೆಯಲ್ಲಿ ನಮ್ಮನ್ನು ಗುರುಗಳ ಪಕ್ಕದಲ್ಲಿ ಕೂರಿಸಿದೆ, ಭಕ್ತಿಗ್ರಂಥಕ್ಕೆ ಅದು ಸರಿಯಾದ ಜಾಗ. ನೀವು ಇದನ್ನು ಆ ಹೆಂಡತಿಯ ಕಡೆಯಿಂದ ಬರೆದು ನೋಡಿ. ಆಗ ಮೊದಲ ದೃಶ್ಯವೇ ಬಿದ್ದುಹೋಗುತ್ತದೆ, ದಾರಿಯಲ್ಲಿ ಗುರುಗಳು ಏನೆಂದರು ಎಂಬುದನ್ನು ಅವಳು ಕೇಳಿಸಿಕೊಂಡಿಲ್ಲ. ಅವಳಿಗೆ ಗೊತ್ತಾಗುವುದು ಎರೆಹೊಲದಲ್ಲಿ ಹಸಿ ದಂಟಿಗೆ ಕುಡುಗೋಲು ಬೀಳುವ ಸಪ್ಪಳದಿಂದ. ಗಂಡನಿಗೆ ತಲೆ ಕೆಟ್ಟಿತೇ ಎಂಬ ಅನುಮಾನ, ದನಕ್ಕೆ ಈ ವರ್ಷ ಕಣಿಕೆ ಎಲ್ಲಿಂದ ಎಂಬ ಲೆಕ್ಕ, ಎರಡು ಪಾಲಿನ ಮಾತು ಕೊಟ್ಟುಬಂದನೆಂಬ ಸಿಟ್ಟು. ಪುಸ್ತಕದಲ್ಲಿ ನಾಲ್ಕು ಮಾತಿನಲ್ಲಿ ಮುಗಿದುಹೋಗುವ ಕಾಯುವ ದಿನಗಳೇ ಅವಳ ಕಥೆಯ ನಡುಭಾಗ. ಅಷ್ಟೂ ದಿನ ಊರವರು ಅವಳನ್ನು ಏನೆಂದಿರಬೇಕು, ಆ ಮನೆಯಲ್ಲಿ ಗಂಡಹೆಂಡಿರ ಮಾತು ಹೇಗಿದ್ದಿರಬೇಕು? ಕೂಳೆ ಚಿಗುರಿದ್ದನ್ನು ಮೊದಲು ಕಂಡವರು ಯಾರು, ಅವಳೋ ಅವನೋ? ಅವಳೇ ಆದರೆ ಗಂಡನಿಗೆ ಆಗಲೇ ಹೇಳಿದಳೋ, ಎರಡು ದಿನ ಸುಮ್ಮನಿದ್ದಳೋ? ಕಾಲಿಗೆ ಬೀಳುವ ದೃಶ್ಯ ಕೊನೆಯಲ್ಲಿ ಬರಬೇಕೇ, ನಡುವೆ ಬಂದು ಕಥೆ ಮುಂದುವರಿಯಬೇಕೇ?

ಇದಕ್ಕೆ ದಾರಿ ಹಾಕಿಕೊಟ್ಟವರು ನಮ್ಮಲ್ಲೇ ಇದ್ದರು. ಸಾವಳಗಿಯಲ್ಲಿ ಹುಟ್ಟಿದ ಗೀತಾ ನಾಗಭೂಷಣ ಕಲಬುರಗಿ ಸೀಮೆಯ ಬಡ ಹೆಂಗಸರ ಬಾಯಿಗೆ ಅವರದೇ ಮಾತು ಕೊಟ್ಟು ಕಾದಂಬರಿ ಬರೆದರು. ‘ಹಸಿಮಾಂಸ ಮತ್ತು ಹದ್ದುಗಳು’ ಸಿನಿಮಾ ಆಯಿತು, ‘ಬದುಕು’ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದಿತು. ಅವರ ಕಾದಂಬರಿ ಮೊದಲು ಓದಿ, ಆಮೇಲೆ ಪರ್ವತೇಶನ ಹೆಂಡತಿಗೆ ಒಂದು ಹೆಸರಿಡಿ. ಗುರುಚರಿತ್ರೆ ಅವಳಿಗೆ ಹೆಸರಿಟ್ಟಿಲ್ಲ. ಬರೆದದ್ದನ್ನು ಮುಂದಿನ ವರ್ಷದ ದತ್ತಿ ಉಪನ್ಯಾಸಕ್ಕೆ ಬರುವವರ ಕೈಗೆ ಕೊಡಿ, ಅವರು ಅದನ್ನೇ ಹಿಡಿದು ಮಾತಾಡಲಿ.